ಹೆಬ್ಬೆರಳಿನ ಕುಳಿ

ಸಿಂಧನೂರು
28-10-2024

ಅಮ್ಮೀಗೆ ನಿನ್ನ ಶಾಹೀಸ್ತಾಳ ಸಲಾಮು.

ಫೋನು ಮಾಡಬಹುದಿತ್ತು. ಆದರೆ ನಿನ್ನ ಫೋನು ಯಾವಾಗ ನೋಡಿದರೂ ತಮ್ಮ ಯೂನುಸನ ಜೇಬಿನಲ್ಲಿರುತ್ತದೆ, ಅವನೋ ಸ್ಪೀಕರ್ ಹಾಕದೆ ಮಾತಾಡಲು ಬಿಡುವವನಲ್ಲ. ಬೆಳಿಗ್ಗೆಯಿಂದ ಎರಡು ಹಾಳೆ ಹರಿದು ಹಾಕಿದ್ದೇನೆ. ಇದನ್ನು ಕೊನೆಯವರೆಗೆ ಓದು, ಸಿಟ್ಟೇನಿದ್ದರೂ ಆಮೇಲೆ.

ಮೊದಲು ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ದಸರಾ ರಜೆಗೆ ಮಗಳು ವಸೀಮಾಳನ್ನು ತುರ್ವಿಹಾಳಕ್ಕೆ ತಂದು ಬಿಟ್ಟ ದಿನ, ನೀನು ನಮಾಜಿಗೆ ನಿಂತಿದ್ದಾಗ, ಸೇಫ್ಟಿ ಪಿನ್ನು ಹುಡುಕುತ್ತ ನಿನ್ನ ಟ್ರಂಕಿಗೆ ಕೈ ಹಾಕಿದೆ. ತಳದಲ್ಲಿ ಒಂದು ಬಟ್ಟೆಯ ಗಂಟು. ಅದರೊಳಗೆ ಬೆರಳುದ್ದದ ಕಪ್ಪು ಕೊಂಬಿನ ಸಾಮಾನು. ದೋಣಿಯ ಆಕಾರದ ಎರಡು ಎಲೆ, ನಡುವೆ ಸಣ್ಣ ಗೂಟ, ಎರಡೂ ತುದಿ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕೇಳದೆ ಬ್ಯಾಗಿಗೆ ಹಾಕಿಕೊಂಡು ಬಂದೆ. ಮರುದಿನ ಫೋನಿನಲ್ಲಿ ಏನದು ಅಂತ ಕೇಳಿದರೆ, ‘ಯಾವುದೋ ಹಳೇ ಕಸ, ಒಗದ್ ಬಿಡು’ ಅಂದು ನೀನು ಫೋನನ್ನು ಯೂನುಸನಿಗೆ ಕೊಟ್ಟುಬಿಟ್ಟೆ. ಕಸವನ್ನು ಮೂರು ಸುತ್ತು ಬಟ್ಟೆಯಲ್ಲಿ ಯಾಕೆ ಕಟ್ಟಿಟ್ಟಿದ್ದಾಳೆ ಅನ್ನುವುದು ನನ್ನ ತಲೆ ತಿನ್ನತೊಡಗಿತು.

ಕ್ಲಿನಿಕ್ಕಿನ ಕೆಲಸದಲ್ಲಿ ರೋಗಿಗಳ ಚೀಟಿ ಬರೆಯುವಾಗಲೂ ಅದು ನನ್ನ ಪರ್ಸಿನಲ್ಲೇ ಇರುತ್ತಿತ್ತು. ಮಸ್ಕಿಗೆ ಹೋದಾಗ ಹಳೆ ಸಾಮಾನಿನ ಜಂಗ್ಲಿಸಾಬ್‌ಗೆ ತೋರಿಸಿದೆ. ಕಣ್ಣಿಗೆ ಹಚ್ಚೋ ಸುರ್ಮಾ ಡಬ್ಬಿ ಇದು, ಕಡ್ಡಿ ಕಳದೈತಿ ಅಂದ. ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಮೀನು ಮಾರಲು ಬರುವ ಬಂಗಾಳಿ ಅಜ್ಜಿ ಮಾತ್ರ ಕೈಯಲ್ಲಿ ತಿರುಗಿಸಿ ನೋಡಿ, ನಡುವಿನ ಗೂಟಕ್ಕೆ ದಾರ ಸುತ್ತುತ್ತಾರೆ, ಬಲೆ ಹೆಣೆಯುವ ಸೂಜಿಯ ಜಾತಿಯದೇ, ಆದರೆ ಇದರಿಂದ ಹೆಣೆದರೆ ಸೊಳ್ಳೆ ಹಿಡಿಯಬೇಕು ಅಂತ ನಕ್ಕಳು. ದಾರದ ಮಾತು ಕೇಳಿದ ಮೇಲೆ ನನಗೆ ಲಿಂಗಸುಗೂರಿನ ಪಾರ್ವತೆಮ್ಮ ನೆನಪಾದರು. ಹೊಲಿಗೆ ಟೀಚರಾಗಿದ್ದು ರಿಟೈರಾದವರು, ನಮ್ಮ ಕ್ಲಿನಿಕ್ಕಿಗೆ ಬಿ.ಪಿ. ತೋರಿಸಲು ಬರುತ್ತಾರೆ. ಭಾನುವಾರ ಅವರ ಮನೆಗೇ ಹೋದೆ.

ನೋಡಿದ ಕೂಡಲೇ ಹೇಳಿದರು, ‘ಲೇಸ್ ಹೆಣಿಯೋ ಶಟಲ್ ಇದು. ಈಗ ಯಾರೂ ಇಟ್ಟಿಲ್ಲವಾ.’ ದಾರ ಸುತ್ತಿ, ಎಡಗೈ ಬೆರಳುಗಳಿಗೆ ಒಂದು ಕುಣಿಕೆ ಹಾಕಿ, ಬಲಗೈಯಲ್ಲಿ ಶಟಲ್ ಹಿಡಿದು ಒಳಗೆ ಹೊರಗೆ ಆಡಿಸಿದರು. ತುದಿಯಿಂದ ದಾರ ಹೊರಬೀಳುವಾಗೆಲ್ಲ ಟಕ್ ಅನ್ನುತ್ತಿತ್ತು. ನಾಲ್ಕು ಗಂಟು ಹಾಕಿ ನಿಲ್ಲಿಸಿದರು. ಮೇಲಿನ ಎಲೆಯಲ್ಲಿ ಹೆಬ್ಬೆರಳು ಊರಿ ಊರಿ ಒಂದು ಕುಳಿ ಬಿದ್ದಿದೆ, ಓರೆಯಾಗಿ. ಅವರ ಹೆಬ್ಬೆರಳು ಅದರಲ್ಲಿ ಕೂರಲೇ ಇಲ್ಲ. ನೀ ಹಿಡಿ ನೋಡೋಣು ಅಂತ ನನಗೆ ಕೊಟ್ಟರು. ಗೊತ್ತಿಲ್ಲದೆ ಎಡಗೈ ಚಾಚಿದೆ. ಹೆಬ್ಬೆರಳು ತಾನಾಗಿ ಹೋಗಿ ಕುಳಿಯಲ್ಲಿ ಕೂತಿತು, ಅಮ್ಮೀ.

ಅವರು ಅಂದರು: ‘ಎಡಚಿ ಹೆಣದಾಳ ಇದರಾಗ. ಒಂದೆರಡು ದಿನದ ಕೆಲಸಲ್ಲ. ಹತ್ತು ವರ್ಷ ಆಡಿಸಿದ್ರ ಕೊಂಬು ಹಿಂಗ ಸವಿತೈತಿ.’

ಬಸ್ಸಿನಲ್ಲಿ ಕೂತರೂ ಕೂತ ಹಾಗೆ ಅನ್ನಿಸಲಿಲ್ಲ. ಚಿಕ್ಕಂದಿನಲ್ಲಿ ನನ್ನ ಎಡಗೈಗೆ ಹಸಿರು ಬಟ್ಟೆ ಸುತ್ತಿ, ಮೊಣಕೈಗೆ ಗಂಟು ಹಾಕಿದವಳು ನೀನು. ಸ್ಲೇಟಿನ ಮುಂದೆ ನಾನು ಅತ್ತರೆ ಇನ್ನೊಂದು ಸುತ್ತು ಬಿಗಿಯುತ್ತಿದ್ದೆ. ಆ ಶಟಲ್ ನಿನ್ನದೇ ಆಗಿದ್ದರೆ, ನೀನೂ ನನ್ನ ಹಾಗೇ ಇದ್ದವಳು.

ನಿನ್ನನ್ನು ದೂರಲು ಬರೆಯುತ್ತಿಲ್ಲ, ಆ ಬಾಯಿ ನನಗಿಲ್ಲ. ವಸೀಮಾಳನ್ನು ನಿನ್ನ ಹತ್ತಿರ ಬಿಟ್ಟು, ಎಡಗೈ ಚಟ ಬಿಡಿಸಿ ಕಳಿಸು, ನಿನ್ನಿಂದ ಮಾತ್ರ ಆಗುತ್ತದೆ ಅಂತ ಗೋಗರೆದವಳು ನಾನೇ. ಮದುವೆ ಮನೆಯಲ್ಲಿ ಅವಳು ಹಿರಿಯರಿಗೆ ಎಡಗೈಯಲ್ಲಿ ನೀರು ಕೊಟ್ಟಳು, ಯಾರೋ ಒಬ್ಬರು ‘ತಾಯಿ ಕಲಿಸಿಲ್ಲೇನು’ ಅಂದರು, ನಾನು ಎಲ್ಲರೆದುರು ಅವಳ ಕೈಗೆ ಹೊಡೆದೆ. ಹೊಡೆದದ್ದಕ್ಕೆ ನಿನ್ನ ಅಳಿಯ ಮಂಜೂರ್ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಈಗ ಶಾಲೆ ಶುರುವಾಗಿ ವಾರವಾಯಿತು. ಅವಳು ನಾನಿಯ ಮನೆಯಲ್ಲೇ ಇರುತ್ತೇನೆಂದು ಹಟ ಹಿಡಿದಿದ್ದಾಳೆ ಅಂತ ಮಂಜೂರ್‌ಗೆ ಸುಳ್ಳು ಹೇಳಿಕೊಂಡು ಕೂತಿದ್ದೇನೆ.

ಕಳೆದ ಶುಕ್ರವಾರ ವೀಡಿಯೊ ಕಾಲಿನಲ್ಲಿ ‘ಅಮ್ಮೀ’ ಅನ್ನಲು ಮಗು ಮೂರು ಸಲ ತೊದಲಿತು. ಗಲಗಲ ಮಾತಾಡುತ್ತಿದ್ದ ಹುಡುಗಿ. ಹಾಸಿಗೆಯೂ ಒದ್ದೆಯಾಗುತ್ತಿದೆ ಅಂತ ಯೂನುಸ ಹೇಳಿದ. ಎಡಗೈ ತೋರಿಸು ಅಂದರೆ ಬೆನ್ನ ಹಿಂದೆ ಇಟ್ಟುಕೊಂಡಳು. ನನಗೆ ಅನ್ನ ಸೇರುತ್ತಿಲ್ಲ ಅಮ್ಮೀ. ಕಟ್ಟಿದ್ದರೆ ಬಿಚ್ಚು. ಈ ಕಾಗದ ಕೆಳಗಿಟ್ಟು ಮೊದಲು ಅದನ್ನು ಬಿಚ್ಚು. ಈ ಶುಕ್ರವಾರ ಬಂದು ಕರೆದುಕೊಂಡು ಹೋಗುತ್ತೇನೆ.

ನಿನ್ನ
ಶಾಹೀಸ್ತಾ

ತುರ್ವಿಹಾಳ
30-10-2024

ಶಾಹೀಸ್ತಾಗೆ ಅಮ್ಮೀಯ ದುವಾ.

ಕೇಳದೆ ಟ್ರಂಕು ತೆಗೆದದ್ದು ತಪ್ಪು. ಅದರ ಮಾತು ನೀನು ಬಂದಾಗ.

ಬಟ್ಟೆ ಬಿಚ್ಚಿದ್ದೇನೆ. ಬಿಚ್ಚಿದ ಮೇಲೂ ವಸೀಮಾ ಕೈಯನ್ನು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಂಡು ನನ್ನ ಮುಖ ನೋಡುತ್ತ ಕೂತಿದ್ದಳು. ಆಮೇಲೆ ಅಂಗಳಕ್ಕೆ ಹೋಗಿ ಕೋಳಿಗೆ ನುಚ್ಚು ಎಸೆದಳು, ಎಡಗೈಯಿಂದ. ಊಟ ಮಾತ್ರ ಬಲಗೈಯಲ್ಲೇ ಮಾಡಬೇಕು, ಅಷ್ಟನ್ನು ನಾನು ಬಿಡುವುದಿಲ್ಲ. ಅದನ್ನು ಬಾಯಿಂದ ಹೇಳಿ ಕಲಿಸುತ್ತೇನೆ. ತೊದಲು ಇನ್ನೂ ಇದೆ. ನಿನಗೆ ಸುಳ್ಳು ಬರೆಯಲಾರೆ.

ನನ್ನ ಎಡಗೈ ಮೇಲಿನ ಕಲೆ ಒಲೆ ಸುಟ್ಟಿದ್ದು ಎಂದು ನಿಮಗೆಲ್ಲ ಹೇಳಿದ್ದೆ. ನಿನ್ನ ನಾನಿ, ನಮ್ಮಮ್ಮ ಮೈಮುನಾಬಿ ಚಿಮಟಿಗೆ ಕಾಯಿಸಿ ಇಟ್ಟದ್ದು ಅದು. ಆಗ ನನಗೆ ಏಳು ವರ್ಷ. ಅವಳು ಕೆಟ್ಟವಳಲ್ಲ, ಎಡಚಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂಬ ಹೆದರಿಕೆ. ಅನ್ನಕ್ಕೆ ಬಲಗೈ, ಸಲಾಮಿಗೆ ಬಲಗೈ, ಬರೆಯಲು ಬಲಗೈ. ಎಲ್ಲ ಕಲಿತೆ.

ಮಸ್ಕಿಯಲ್ಲಿ ನಮ್ಮ ಪಕ್ಕದ ಮನೆಗೆ ಒಬ್ಬ ಕೇರಳದ ನರ್ಸಮ್ಮ ಬಂದಳು. ಸಂಜೆ ಕಟ್ಟೆ ಮೇಲೆ ಕೂತು ಆ ಸಾಮಾನು ಆಡಿಸುತ್ತಿದ್ದಳು. ನಾನು ಎದುರು ಕೂತು ನೋಡುತ್ತಿದ್ದೆ. ಎದುರು ಕೂತರೆ ಅವಳ ಬಲಗೈ ನನ್ನ ಎಡಗೈ ಕಡೆಗೇ ಬರುತ್ತಿತ್ತು, ಹಾಗೇ ಕಲಿತುಬಿಟ್ಟೆ. ಅವಳು ಬೈಯಲಿಲ್ಲ. ವರ್ಗವಾಗಿ ಹೋಗುವಾಗ ನನ್ನ ಕೈಗೇ ಕೊಟ್ಟು ಹೋದಳು. ನಮ್ಮಮ್ಮ ನೋಡಿ ಏನೇ ಇದು ಅಂದಳು. ಗೊತ್ತಿಲ್ಲ, ಆಟದ ಸಾಮಾನು ಅಂದೆ. ಅದು ಏನು ಅಂತ ಯಾರಿಗೂ ತಿಳಿದಿರಲಿಲ್ಲ ಶಾಹೀಸ್ತಾ, ಹಾಗಾಗಿ ಅದನ್ನು ಯಾವ ಕೈಯಲ್ಲಿ ಹಿಡಿಯಬೇಕು ಅಂತ ಹೇಳುವವರೂ ಇರಲಿಲ್ಲ. ನೀನು ಕೇಳಿದಾಗ ಕಸ ಅಂದದ್ದೂ ಅದಕ್ಕೇ, ಹಳೇ ಅಭ್ಯಾಸ.

ಮದುವೆಯಾಗಿ ಬಂದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಹೆಣೆಯುತ್ತಿದ್ದೆ. ನಿನ್ನ ತೊಟ್ಟಿಲ ಟೋಪಿಯ ಲೇಸು ಹೈದರಾಬಾದಿನದು ಅಂತ ನಿಮ್ಮ ಅಬ್ಬಾ ಕೊನೆಯವರೆಗೂ ನಂಬಿದ್ದರು. ನಿನಗೆ ಎರಡು ವರ್ಷವಿದ್ದಾಗ ಒಂದು ದಿನ ನೀನು ಓಡಿ ಬಂದು ಎಡಗೈ ಚಾಚಿ ಶಟಲ್ ಕಸಿದುಕೊಂಡೆ. ನನ್ನಿಂದಲೇ ಬಂತಲ್ಲ, ಮನೆಯವರಿಗೆ ತಿಳಿದರೆ ಏನು ಗತಿ ಅಂತ ದಿಗಿಲಾಯಿತು. ಅವತ್ತೇ ಅದನ್ನು ಗಂಟು ಕಟ್ಟಿದೆ. ನಿನ್ನ ಕೈಯನ್ನೂ ಕಟ್ಟಿದೆ. ನನ್ನನ್ನು ಸುಟ್ಟ ಹಾಗೆ ಸುಡಲಿಲ್ಲವಲ್ಲ, ಬಟ್ಟೆಯಷ್ಟೇ ಅಲ್ಲವೇ ಅಂತ ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ತಪ್ಪಾಯಿತು ಮಗಳೇ.

ಮಂಜೂರ್‌ಗೆ ನಿಜ ಹೇಳು. ನಿನ್ನ ಕೈಲಿ ಆಗದಿದ್ದರೆ ಜೊತೆಗೆ ಕರೆದುಕೊಂಡು ಬಾ, ನಾನು ಹೇಳುತ್ತೇನೆ.

ನಿನ್ನ ಅಮ್ಮೀ
ರಹೀಮಾಬೀ

ತಾ.ಕ.: ಬರುವಾಗ ಶಟಲ್ ತಾ. ಪಾರ್ವತೆಮ್ಮನವರಿಗೆ ಕೊಟ್ಟುಬಿಡಬೇಡ, ವಸೀಮಾಗೂ ಕೊಡಬೇಡ. ನನಗೆ ಬೇಕು. ತೆಳ್ಳನೆಯ ಬಿಳಿ ದಾರ ಎರಡು ಉಂಡೆ ತಾ. ಯೂನುಸ ಮನೆಯಲ್ಲಿದ್ದರೂ ಸರಿ, ಪಡಸಾಲೆಯಲ್ಲೇ ಕೂತು ಹೆಣೆಯುತ್ತೇನೆ.