ಬಾಳೆನಾರಿನಲ್ಲಿ ಕಟ್ಟಿದ ಜಾಲರಿ

ಬಿಳಿಗೆರೆ
12-11-1978

ಚಿರಂಜೀವಿ ಮಾಯಣ್ಣನಿಗೆ, ನಿನ್ನ ಅಜ್ಜಿ ಚಿಕ್ಕಗೌರಮ್ಮ ತಲೆ ಸವರಿ ಬರೆಯುವುದು.

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಮೊದಲು ಬರೆಯಬೇಕಂತೆ, ಬರೆದಿದ್ದೇನೆ. ಕಾಗದ ತಡವಾಯಿತು, ಬೈದುಕೊಳ್ಳಬೇಡ. ನಿಮ್ಮಪ್ಪನ ಕೈಯಲ್ಲಿ ಇನ್‌ಲ್ಯಾಂಡ್ ತರಿಸಿದರೆ ಯಾರಿಗೆ ಬರೀತೀಯ, ಏನು ಬರೀತೀಯ ಎಂದು ಪೊಲೀಸಿನವನ ಹಾಗೆ ಕೇಳುತ್ತಾನೆ. ಅದಕ್ಕೆ ತಿಪಟೂರು ಸಂತೆಗೆ ಹೋಗುವ ತನಕ ಕಾದು ನಾನೇ ತಂದೆ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳ ಅಕ್ಷರ ಇದು. ಒತ್ತು ಎಲ್ಲಾದರೂ ತಪ್ಪಿ ಕೂತಿದ್ದರೆ ನೀನೇ ಎಬ್ಬಿಸಿ ಸರಿಯಾದ ಕಡೆ ಕೂರಿಸಿಕೊಂಡು ಓದು.

ಎಮ್ಮೆ ಕರು ಹಾಕಿತು, ಹೆಣ್ಣು. ಅಟ್ಟದ ಮೇಲಿನ ಕಾಯಿ ಈ ಸಲ ಬೇಗ ಕೊಬ್ಬರಿಯಾಗುತ್ತಿದೆ, ಅಲ್ಲಾಡಿಸಿದರೆ ಒಳಗೆ ಸದ್ದು ಬರುತ್ತದೆ. ಸುದ್ದಿ ಅಷ್ಟೇ. ಇನ್ನು ವಿಷಯ.

ದೀಪಾವಳಿಗೆ ಬಂದಾಗ ನೀನು ಕಜ್ಜಾಯ ಮುಟ್ಟಲಿಲ್ಲ. ಹೋದ ವರ್ಷ ಬಂದಾಗ ಬಾಯಿ ಮುಚ್ಚಿದವನಲ್ಲ. ನಿನ್ನ ಕಾರ್ಖಾನೆಯ ಸೈರನ್ನು ಕೂಗಿದರೆ ನಮ್ಮ ಹೋಬಳಿಗೆ ಹೋಬಳಿಯೇ ನುಗ್ಗಿದಷ್ಟು ಜನ ಗೇಟಿನೊಳಗೆ ಹೋಗುತ್ತಾರೆ, ಎಲ್ಲರ ಎದೆಗೂ ನಂಬರಿನ ಬಿಲ್ಲೆ, ಕ್ಯಾಂಟೀನಿನಲ್ಲಿ ಹಂಡೆಗಟ್ಟಲೆ ಸಾರು, ಕಬ್ಬಿಣದ ತಗಡನ್ನು ಒಂದೇ ಏಟಿಗೆ ಬಟ್ಟಲು ಮಾಡುವ ಪ್ರೆಸ್ಸು. "ಅಜ್ಜಿ, ಅದು ಬಿದ್ರೆ ಕಾಲ್ ಕೆಳಗಿನ ನೆಲ ನಡುಗ್ತದೆ" ಎಂದು ಕುಣಿದಿದ್ದೆ. ಈ ಸಲ ನನ್ನನ್ನು ತೋಟಕ್ಕೆ ಕರೆದುಕೊಂಡು ಹೋಗಿ ಬಾವಿಕಟ್ಟೆಯ ಮೇಲೆ ಕೂತು ಅತ್ತೆ. ಅಳುತ್ತ ಹೇಳಿದ್ದನ್ನು ನಾನು ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ, ನೀನೇ ನೋಡು.

ಆಯುಧಪೂಜೆಗೆ ಪ್ರೆಸ್ಸು ತೊಳೆಯಲು ಅದರ ಮುಂದಿನ ಜಾಲರಿಯನ್ನು ನೀನು ಬೋಲ್ಟು ಬಿಚ್ಚಿ ತೆಗೆದೆ. ಕೆಲಸದವನ ಕೈ ಒಳಗೆ ಹೋಗದಂತೆ ಕಾಯುವುದೇ ಆ ಜಾಲರಿ. ತೊಳೆದು ಮುಗಿಸುವಷ್ಟರಲ್ಲಿ ಸ್ಪ್ಯಾನರು ಸುತ್ತಿಗೆಯನ್ನೆಲ್ಲ ಯಾರೋ ಒಯ್ದು ಪೂಜೆಗಿಟ್ಟು, ಕುಂಕುಮ ಹಚ್ಚಿ, ಮಂಗಳಾರತಿಯೂ ಆಗಿಹೋಗಿತ್ತು. ಪೂಜೆಗಿಟ್ಟ ಆಯುಧವನ್ನು ಹಬ್ಬ ಕಳೆಯುವ ತನಕ ಎತ್ತಬಾರದು. ನಮ್ಮ ಮನೆಯಲ್ಲೂ ಕಾಯಿ ಸುಲಿಯುವ ಹಾರೆಯನ್ನು ಅವತ್ತು ಯಾರೂ ಮುಟ್ಟುವುದಿಲ್ಲ. ನೀನು ಸ್ಪ್ಯಾನರು ಎತ್ತಲು ಹೆದರಿ, ಕಂಬಕ್ಕೆ ಕಟ್ಟಿದ್ದ ಬಾಳೆಯಿಂದ ನಾರು ಸೀಳಿ ಜಾಲರಿಯನ್ನು ಅದರಲ್ಲೇ ಕಟ್ಟಿ ನಿಲ್ಲಿಸಿದೆ. ಫೋರ್‌ಮನ್ನು ಪಕ್ಕದಲ್ಲೇ ನಿಂತು ನೋಡಿದ. ರಜ ಮುಗಿದ ಮೇಲೆ ಬೋಲ್ಟು ಹಾಕಿದರಾಯಿತು ಅಂದುಕೊಂಡೆ. ಅದರ ಮೇಲೆ ಸೇವಂತಿಗೆ ಹಾರ ಬಿತ್ತು, ನಾರು ಮುಚ್ಚಿಹೋಯಿತು. ನೀನು ಊರಿನ ಬಸ್ಸು ಹಿಡಿಯಲು ಓಡಿದೆ.

ರಜ ಮುಗಿದ ದಿನ ನಿನ್ನದು ಮಧ್ಯಾಹ್ನದ ಶಿಫ್ಟು, ಬೋರಯ್ಯನದು ಬೆಳಗಿನದು. ಪ್ರೆಸ್ಸು ಬಡಿದ ಅದುರಿಗೆ ಒಣಗಿದ ನಾರು ಹರಿದು ಜಾಲರಿ ಜಾರಿತು. ಬೀಳುವುದನ್ನು ಹಿಡಿಯಲು ಅವನು ಬಲಗೈ ಕೊಟ್ಟ. ನಾಲ್ಕು ಬೆರಳು ಹೋದವು.

ಹಂದನಕೆರೆಯ ಬೋರಯ್ಯ ಯಾರು ಎಂದು ನಿನಗೆ ನಾನು ಹೇಳಬೇಕೇ? ಆ ಕಾರ್ಖಾನೆಗೆ ನಿನ್ನನ್ನು ಸೇರಿಸಿದವನು. ತನ್ನ ಕೋಣೆಯಲ್ಲಿ ಇಟ್ಟುಕೊಂಡು ಮುದ್ದೆ ಮಾಡಿ ಹಾಕಿದವನು. ಈಗ ಕಾರ್ಖಾನೆಯವರು, ಕೆಲಸ ಬೇಗ ಸಾಗಲಿ ಎಂದು ಬೋರಯ್ಯನೇ ಬೋಲ್ಟು ಬಿಚ್ಚಿದ, ತಪ್ಪು ಅವನದೇ, ಅವನನ್ನು ತೆಗೆದುಹಾಕುತ್ತೇವೆ ಎನ್ನುತ್ತಿದ್ದಾರೆ. ಈ ತಿಂಗಳ ಕೊನೆಗೆ ಎನ್‌ಕ್ವೈರಿ. ನಿನ್ನ ಫೋರ್‌ಮನ್ನು ನಿನ್ನನ್ನು ಪಕ್ಕಕ್ಕೆ ಕರೆದು, "ನೀನೇನೂ ನೋಡಿಲ್ಲ, ತಿಳೀತಾ? ಹೊಸ ವರ್ಷಕ್ಕೆ ನಿನ್ನ ಕೆಲಸ ಪರ್ಮನೆಂಟು" ಅಂದನಂತೆ.

ಮೊನ್ನೆ ಬೋರಯ್ಯನ ಹೆಂಡತಿ ಲಕ್ಷ್ಮಕ್ಕ ಮನೆಗೆ ಬಂದಿದ್ದಳು. ಮಜ್ಜಿಗೆ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತಳು.

"ಅಜ್ಜಿ, ಮಾಯಣ್ಣ ಒಳ್ಳೇವ್ನು. ಜಾಲ್ರಿ ಬಿಚ್ಚಿದ್ದು ನಮ್ಮೆಜಮಾನ್ರಲ್ಲ ಅಂತ ಒಂದ್ ಮಾತು ಹೇಳ್ಸಿ. ತಪ್ಪು ಇವ್ರದಲ್ಲ ಅಂತಾದ್ರೆ ಬ್ಯಾರೆ ಕೆಲ್ಸ ಕೊಟ್ಟು ಇಟ್ಕಂತಾರಂತೆ. ಗೇಟು ಕಾಯಾದಾದ್ರೂ ಸೈ."

ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ, "ಅವನಿನ್ನೂ ಹೊಸಬ ಕಣವ್ವ, ಅವ್ನಿಗೇನ್ ಗೊತ್ತಾಯ್ತದೆ" ಎಂದುಬಿಟ್ಟ. ಅವಳು ಹೋದ ಮೇಲೆ ಅವನಿಗೆ ನಿಜ ಹೇಳಿದೆ. ಗೋಡೆ ಹಿಡಿದು ಕೂತ.

"ಅವ್ವ, ಯಾರ ಮುಂದೂ ಬಾಯ್ ಬುಡಬ್ಯಾಡ. ಮೊದ್ಲು ಹುಡ್ಗನ ಕೆಲ್ಸ ಪರ್ಮನೆಂಟಾಗ್ಲಿ."

"ಎದುರಿಗೆ ಕೂತು ನಿನ್ ಮಗನ್ನ ಒಳ್ಳೇವ್ನು ಅಂದ್ಲಲ್ಲೋ ಹುಚ್ಚಣ್ಣ, ನಿನ್ ಕಿವಿ ಸುಡ್ಲಿಲ್ವಾ?"

"ಸುಡ್ತು. ಕಿವಿ ಸುಡ್ತು ಅಂತ ಕೆಲ್ಸ ಕಳ್ಕಳಕ್ಕಾಯ್ತದಾ?"

ಅವತ್ತಿನಿಂದ ಅವನೊಂದು ಮೂಲೆ, ನಾನೊಂದು ಮೂಲೆಯಲ್ಲಿ ಉಣ್ಣುತ್ತಿದ್ದೇವೆ.

ಮಾಯಣ್ಣ, ಪೂಜೆಗಿಟ್ಟದ್ದನ್ನು ಎತ್ತಲು ನೀನು ಹೆದರಿದ್ದು ತಪ್ಪಲ್ಲ. ನಾನಾಗಿದ್ದರೂ ಎತ್ತುತ್ತಿರಲಿಲ್ಲ. ಬೆಳಗ್ಗೆ ಪ್ರೆಸ್ಸಿನ ಮುಂದೆ ನಿಲ್ಲುವವನಿಗೆ ಒಂದು ಮಾತು ತಿಳಿಸದೆ ಬಸ್ಸು ಹತ್ತಿದೆಯಲ್ಲ, ಅದು ತಪ್ಪು. ಎನ್‌ಕ್ವೈರಿಯಲ್ಲಿ ಎದ್ದು ನಿಂತು ನಾನೇ ಕಟ್ಟಿದ್ದು ಎಂದು ಹೇಳು. ಕೆಲಸ ಹೋದರೆ ಹೋಗಲಿ ಎಂದು ನಾನು ಸುಲಭವಾಗಿ ಬರೆಯುತ್ತಿಲ್ಲ. ಅದು ಸಿಕ್ಕಿದ ದಿನ ಬೀದಿಗೆಲ್ಲ ಸಕ್ಕರೆ ಹಂಚಿದವಳು ನಾನು. ಆದರೂ ಹೇಳು. ಹೇಳದಿದ್ದರೂ ಮನೆಗೆ ಬಾ, ಊಟ ಹಾಕುತ್ತೇನೆ. ಮಾತು ಮಾತ್ರ ಆಡುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದನ್ನು ನೀನು ಹುಟ್ಟಿದಾಗಿನಿಂದ ಎಂದಾದರೂ ನೋಡಿದ್ದೀಯಾ?

ನಿನ್ನ ಅಜ್ಜಿ
ಚಿಕ್ಕಗೌರಮ್ಮ


ಬಿಳಿಗೆರೆ
24-12-1978

ಚಿರಂಜೀವಿ ಮಾಯಣ್ಣನಿಗೆ ಅಜ್ಜಿಯ ಆಶೀರ್ವಾದ.

ನಿನ್ನ ಕಾಗದ ಬಂದು ಸುಮಾರು ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದುಹೋಗುತ್ತಿದ್ದೆ. ತಡಕ್ಕೆ ಬೇರೆ ನೆಪ ಇಲ್ಲ.

ಎನ್‌ಕ್ವೈರಿಯಲ್ಲಿ ಎದ್ದು ನಿಂತು ಹೇಳಿದೆಯಲ್ಲ, ಸಾಕು. ಆ ದೊಡ್ಡ ಆಫೀಸರು, "ಇದೇನು ಕಾರ್ಖಾನೆಯೋ, ಮದುವೆ ಚಪ್ಪರವೋ? ಬಾಳೆನಾರಲ್ಲಿ ಪ್ರೆಸ್ಸು ಕಟ್ಟೋನು ನೀನೊಬ್ಬನೇ ಕಣಯ್ಯ" ಅಂದನಂತೆ, ಎಲ್ಲರೂ ನಕ್ಕರಂತೆ. ನಗುವಾಗ ಅವರ ಹತ್ತು ಬೆರಳೂ ಮೇಜಿನ ಮೇಲೆ ನೆಟ್ಟಗಿದ್ದವು, ಅದಕ್ಕೆ ನಗು ಬಂತು.

ಬೋರಯ್ಯನ ಮೇಲಿನ ದೂರು ಬಿದ್ದುಹೋಗಿ ಅವನಿಗೆ ಸ್ಟೋರಿನಲ್ಲಿ ಕೆಲಸ ಕೊಟ್ಟರು. ನಿನಗೆ ಒಂದನೇ ತಾರೀಖಿನಿಂದ ಬರಬೇಡ ಅಂದರು. ಫೋರ್‌ಮನ್ನು ಏನನ್ನೂ ನೋಡಿಯೇ ಇಲ್ಲವಂತೆ, ಅವನ ಕಣ್ಣಿಗೆ ಯಾರೂ ಶಿಕ್ಷೆ ಕೊಡಲಿಲ್ಲ. ಕಾಗದದ ಕೊನೆಗೆ, "ಬೋರಣ್ಣ ಅಲ್ಲೇ ಕೂತಿದ್ದ, ನನ್ನ ಕಡೆ ನೋಡಲಿಲ್ಲ" ಎಂದು ಬರೆದು ಗೀಚಿಹಾಕಿದ್ದೀಯ. ಗೀಚಿದ್ದನ್ನೂ ಓದುತ್ತೇನೆ ನಾನು.

ನಿಮ್ಮಪ್ಪ ಹತ್ತು ದಿನ ನನ್ನ ಜೊತೆ ಮಾತನಾಡಲಿಲ್ಲ. ನಿನ್ನೆ ಎಮ್ಮೆಯ ಹತ್ತಿರ ನಿಂತು, ಎಮ್ಮೆಗೆ ಹೇಳುವವನ ಹಾಗೆ, "ಊರಿಗ್ ಬಾ ಅಂತ ಬರಿ ಅವ್ನಿಗೆ. ನಾನ್ ಹೇಳ್ದೆ ಅಂತ ಮಾತ್ರ ಬರೀಬ್ಯಾಡ" ಅಂದ. ಅವನು ಹೇಳಿದ ಎಂದು ನಾನು ಬರೆಯುತ್ತಿಲ್ಲ.

ಬಾ ಮಗ. ಅಲ್ಲಿ ಯಾವುದೋ ಲೇತ್ ಅಂಗಡಿಯ ಬಾಗಿಲು ಕಾಯುತ್ತ ಮುಖ ಮರೆಸಿಕೊಂಡು ಕೂರಬೇಡ. ತಿಂದ ಅನ್ನ ಮೈಗೆ ಹತ್ತಲಿ, ತಲೆ ಇಟ್ಟ ಕಡೆ ನಿದ್ದೆ ಬರಲಿ, ನಾಲ್ಕು ಜನ ನಿನ್ನನ್ನು ಕರೆದು ಮಾತನಾಡಿಸಲಿ. ನನಗೆ ಬರುವ ಆಶೀರ್ವಾದ ಇಷ್ಟೇ.

ನಿನ್ನ ಅಜ್ಜಿ
ಚಿಕ್ಕಗೌರಮ್ಮ

ತಾ.ಕ.: ಮರೆತಿದ್ದೆ, ಈಗ ನೆನಪಾಯಿತು ಎಂದು ಸುಳ್ಳು ಬರೆಯುವುದಿಲ್ಲ. ಬರೆಯಬಾರದು ಎಂದೇ ಇದ್ದೆ.

ಕೈ ಪೂರ್ತಿ ವಾಸಿಯಾಗುವ ತನಕ ರಜ ಹಾಕಿ ಬೋರಯ್ಯ ಊರಿಗೆ ಬಂದಿದ್ದಾನೆ ಎಂದು ತಿಳಿದು ಹಂದನಕೆರೆಗೆ ಹೋಗಿದ್ದೆ, ತುಪ್ಪ ತೆಗೆದುಕೊಂಡು. ನಮ್ಮ ಹುಡುಗ ನಿಜ ಹೇಳಿ ಅವರ ಮನೆ ಉಳಿಸಿದ, ಕೈ ಹಿಡಿದು ಒಳಗೆ ಕರೆಯುತ್ತಾರೆ ಎಂಬ ಜಂಬ ನನ್ನ ಹೊಟ್ಟೆಯೊಳಗೆ ಇತ್ತು. ಲಕ್ಷ್ಮಕ್ಕ ಬಾಗಿಲಲ್ಲೇ ನಿಂತಳು. "ಅಜ್ಜಿ, ಇಷ್ಟ್ ದಿನ ಕಾರ್ಖಾನೆ ಮ್ಯಾಲೆ ಸಿಟ್ಟು ಮಾಡ್ಕಂಡು ಹೆಂಗೋ ಇದ್ವಿ. ಈಗ ಯಾರ ಮ್ಯಾಲೆ ಮಾಡ್ಕಳಾದು, ಹೇಳಿ?" ಅಂದಳು.

ಬೋರಯ್ಯ ಒಳಗಿನಿಂದಲೇ ಮಾತನಾಡಿದ. "ಆಸ್ಪತ್ರೇಲಿ ದಿನಾ ಬಂದು ನಂಗೆ ಗಂಜಿ ಕುಡಿಸ್ತಿದ್ನಲ್ಲ ಅಜ್ಜಿ, ಆವಾಗ್ಲೇ ಗೊತ್ತಿತ್ತಲ್ವಾ ಅವ್ನಿಗೆ? ಬಾಯಿಗೆ ಚಮ್ಚ ಇಡ್ತಾ ನನ್ ಮುಖ ನೋಡ್ತಿದ್ನಲ್ಲ. ಒಂದ್ ದಿನನಾದ್ರೂ ನನ್ ಹತ್ರ ಹೇಳ್ಬೋದಿತ್ತು. ಆ ಆಫೀಸ್ರು ಮುಂದೆ ಹೇಳಕ್ ಬಂತು, ನಂಗೆ ಹೇಳಕ್ ಬರ್ಲಿಲ್ಲ. ಈ ಕಡೆ ಬರಬ್ಯಾಡ ಅನ್ನಿ."

ತುಪ್ಪದ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಬಂದೆ. ಎನ್‌ಕ್ವೈರಿಯಲ್ಲಿ ಹೇಳು ಎಂದು ಬರೆದೆನೇ ಹೊರತು, ಮೊದಲು ಬೋರಯ್ಯನಿಗೆ ಹೇಳು ಎಂದು ನನಗೂ ಹೊಳೆಯಲಿಲ್ಲ.

ನೀನು ಬರುವಾಗ ತಿಪಟೂರಿನಲ್ಲಿ ಇಳಿದು ನೆಟ್ಟಗೆ ಮನೆಗೆ ಬರಬೇಡ. ಹಂದನಕೆರೆ ಬಸ್ಸು ಹತ್ತು. ಬರಬೇಡ ಅಂದಿದ್ದಾನೆ, ಗೊತ್ತಿದ್ದೇ ಹೋಗು. ಬಾಗಿಲು ತೆಗೆಯದಿದ್ದರೆ ಹೊರಗೆ ಕೂತಿರು. ಬೈದರೆ ಬೈಸಿಕೊ, ಎದ್ದುಬರಬೇಡ. ಬರುವ ದಿನ ಯಾವುದೆಂದು ಮುಂಚೆಯೇ ಕಾಗದ ಹಾಕು. ನೀನು ಬರುವ ಹೊತ್ತಿಗೆ ಆ ಜಗಲಿಯ ಮೇಲೆ ನಾನೂ ಕೂತಿರುತ್ತೇನೆ.