ಹುತ್ತರಿಯ ದೀಪ

ನಾಪೋಕ್ಲು, ಶನಿವಾರ

ಭಾವನವರಿಗೆ ಹೇಮಲತಾಳ ನಮಸ್ಕಾರ.

ಕಾಫಿ ಹಣ್ಣಾಗಿದೆ, ಮುಂದಿನ ವಾರ ಪಿಕಿಂಗ್ ಶುರು ಮಾಡಿಸುತ್ತೇನೆ. ಬರೆಯುತ್ತಿರುವುದು ಅದಕ್ಕಲ್ಲ. ನೀವು ಹುತ್ತರಿಗೆ ಅಮ್ಮತ್ತಿಯಿಂದ ಬರುವ ಮೊದಲೇ ಒಂದು ಮಾತು ಹೇಳಬೇಕು.

ಮಗಳು ಗಾನವಿ ಕಾಲೇಜಿನಿಂದ ಅರಬ್ ಲೇಖಕಿಯೊಬ್ಬರ ಕಾದಂಬರಿ ತಂದಿದ್ದಳು. ಅದರಲ್ಲಿ ಗಂಡ ಸತ್ತವಳನ್ನು ಅವನ ಅಣ್ಣ ಹಬ್ಬದ ದಿನ ಒಳಕೋಣೆಯಲ್ಲಿ ಕೂರಿಸುತ್ತಾನೆ. ಅವಳು ಹಸಿರು ಉಡುಪು ತೊಟ್ಟು ಎಲ್ಲರ ನಡುವೆ ಬಂದು ಕೂರುತ್ತಾಳೆ. ಪಾಪ, ಆ ದೇಶದ ಹೆಂಗಸರು ಎಂದುಕೊಂಡೇ ಓದಿದೆ. ಅತ್ತೆಗೆ ಕಥೆ ಹೇಳಿದಾಗ ಅವರು ಕೇಳಿದ್ದು ಒಂದೇ: “ಅವ್ಳ ಭಾವ ಎಂತ ಹೇಳ್ದ?” ಅಂದಿನಿಂದ ನನಗೆ ಒಂದು ಕಡೆ ಕೂರಲಾಗುತ್ತಿಲ್ಲ.

ನಿಮ್ಮ ತಮ್ಮ ತೀರಿಕೊಂಡ ವರ್ಷ, ಹುತ್ತರಿಯ ದಿನ ಗದ್ದೆಯಿಂದ ಹೊಸ ಭತ್ತದ ಕದಿರು ಮನೆಗೆ ಬರುವಾಗ ಒಳಗಿರು ಎಂದಿರಿ. ಆಮೇಲೆ ನೀವು ಹೇಳಲೇ ಇಲ್ಲ. ಪ್ರತಿ ಹುತ್ತರಿಗೂ ನಾನಾಗಿಯೇ ಅಡುಗೆಮನೆಗೆ ಹೋಗಿ ನಿಂತೆ. ಯಾಕೆ ನಿಂತೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ.

ಈ ಸಲ ಬಾಗಿಲಲ್ಲಿ ದೀಪ ಹಿಡಿದು ಕದಿರನ್ನು ನಾನು ಬರಮಾಡಿಕೊಳ್ಳುತ್ತೇನೆ. ಅದು ಸರಿಯಲ್ಲ ಎನಿಸಿದರೆ ದೀಪವನ್ನು ನಿಮ್ಮ ಜೊತೆ ಬರುವ ಅಕ್ಕನ ಕೈಗೆ ಕೊಡಿ, ನಾನು ಕದಿರು ಕೊಯ್ಯಲು ನಿಮ್ಮೆಲ್ಲರ ಜೊತೆ ಗದ್ದೆಗೆ ಬರುತ್ತೇನೆ. ಅಡುಗೆಮನೆಗೆ ಮಾತ್ರ ಬೇರೆ ಯಾರನ್ನಾದರೂ ನೋಡಿಕೊಳ್ಳಿ.

ಇಂತಿ,
ಹೇಮಲತಾ