ಗಂಟಲಿನ ಚಿಟ್ಟೆ

ಭಾನುವಾರ, ಬೆಳಿಗ್ಗೆ

ಪ್ರೀತಿಯ ಅತ್ತಿಗೆಗೆ,

ನಿಮ್ಮ ನಾದಿನಿ ಚೆನ್ನಾಗಿದ್ದಾಳೆ, ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆ. ಅಣ್ಣನಿಗೂ ಇದನ್ನು ಓದಿ ಹೇಳಿ. ಗಂಟಲಿನ ಗಂಟು ಕ್ಯಾನ್ಸರ್ ಅಲ್ಲವೆಂಬ ಸುದ್ದಿ ಫೋನಿನಲ್ಲೇ ನಿಮಗೆ ಮುಟ್ಟಿದೆ. ಉಳಿದದ್ದನ್ನು ಬರೆದೇ ತಿಳಿಸಬೇಕೆನಿಸಿತು.

ಅಂದು ನೀವು ನನ್ನ ಜೊತೆ ಆಸ್ಪತ್ರೆಗೆ ಬಾರದಿದ್ದರೆ ನಾನು ಆಪರೇಷನ್ನಿಗೆ ಒಪ್ಪುತ್ತಲೇ ಇರಲಿಲ್ಲ. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕೂತು ದಿನವಿಡೀ ಮೈಕಿನಲ್ಲಿ ಬಸ್ಸುಗಳನ್ನು ಕೂಗುವವಳು ನಾನು. ಕೊರಳು ಕೊಯ್ಯಬೇಕು ಎಂದರೆ ಎದೆ ಝಲ್ಲೆನ್ನದೆ ಇರುತ್ತದೆಯೇ? ತುತ್ತು ನುಂಗುವಾಗ ಅಡ್ಡ ಸಿಕ್ಕರೂ ಏನೂ ಆಗಿಲ್ಲ ಎನ್ನುತ್ತ ದಿನ ದೂಡುತ್ತಿದ್ದೆ.

ನೀವು ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದಿರಿ. ಡಾಕ್ಟರ ಎದುರು ಕೂತು, “ಡಾಕ್ಟ್ರೇ, ಇವಳು ಎಲ್ಲದಕ್ಕೂ ತಲೆ ಆಡಿಸ್ತಾಳೆ, ತಲೆಗೆ ಮಾತ್ರ ಏನೂ ಹೋಗಿಲ್ಲ. ಮೊದಲಿಂದ ಹೇಳಿ,” ಅಂದಿರಿ. ಅವರು ನಕ್ಕು ಕಾಗದದ ಮೇಲೆ ಒಂದು ಚಿಟ್ಟೆಯ ಚಿತ್ರ ಬರೆದರು. ಥೈರಾಯ್ಡ್ ಎಂದರೆ ಗಂಟಲಿನ ಮುಂದೆ ಕೂತ ಇಂಥದೇ ಒಂದು ಗ್ರಂಥಿ, ಮೈಯ ಚುರುಕು ಅದರ ಕೈಯಲ್ಲಿದೆ ಎಂದರು. ಅದರಲ್ಲಿ ಗಂಟಾಗುವುದು ಹೊಸದೇನಲ್ಲ, ಹೆಚ್ಚಿನವು ನಿರುಪದ್ರವಿ. ಆದರೆ ನನ್ನದು ಬೆಳೆಯುತ್ತಿತ್ತು, ಸೂಜಿ ಹಾಕಿ ಮಾಡಿದ ಪರೀಕ್ಷೆಯಲ್ಲೂ ಏನೆಂದು ಸ್ಪಷ್ಟವಾಗಿರಲಿಲ್ಲ. ಹಾಗಾಗಿ ಗಂಟಿರುವ ಆ ಒಂದು ರೆಕ್ಕೆಯನ್ನು ತೆಗೆದೇ ನೋಡಬೇಕು ಎಂದರು.

ನನ್ನ ಬಾಯಿಗೆ ಬಾರದ ಪ್ರಶ್ನೆಯನ್ನು ನೀವೇ ಕೇಳಿದಿರಿ. “ಇವಳ ದನಿ ಹೋಗುತ್ತಾ?”

ಡಾಕ್ಟರು ಮುಚ್ಚಿಡಲಿಲ್ಲ. ದನಿಯ ನರ ಆ ಗ್ರಂಥಿಯ ಹಿಂದೆಯೇ ದಾರದಂತೆ ಹಾದುಹೋಗುತ್ತದೆ, ಎಷ್ಟು ಜೋಪಾನ ಮಾಡಿದರೂ ಕೆಲವರಿಗೆ ದನಿ ಒಡೆಯುತ್ತದೆ, ಬಹುಪಾಲು ಜನರಿಗೆ ಮರಳಿ ಬರುತ್ತದೆ, ಅಪರೂಪಕ್ಕೆ ಬರುವುದಿಲ್ಲ ಎಂದರು. ಹೊರಗೆ ಮೆಟ್ಟಿಲ ಮೇಲೆ ನಾನು ಕೂತುಬಿಟ್ಟಾಗ ನೀವು ಗದರಿದಿರಿ. “ದನಿ ಹೋದ್ರೆ ಬೇರೆ ಕೆಲಸ ಹುಡುಕೋಣ ಕಣೇ. ನೀನೇ ಹೋದ್ರೆ ಎಲ್ಲಿ ಹುಡುಕಲಿ?” ಅಲ್ಲಿಂದೆದ್ದು ಒಳಗೆ ಹೋಗಿ ಒಪ್ಪಿಗೆ ಕೊಟ್ಟೆ.

ಅಣ್ಣನ ಜ್ವರದಿಂದಾಗಿ ಆಪರೇಷನ್ ದಿನ ಬರಲಾಗಲಿಲ್ಲವೆಂದು ಕೊರಗಬೇಡಿ. ತಂಗಿ ಪಕ್ಕದಲ್ಲೇ ಇದ್ದಳು. ಎಚ್ಚರವಾದ ಮೇಲೆ ನರ್ಸಮ್ಮ ಆಗಾಗ ಬಂದು, ತುಟಿ, ಬೆರಳು ಜುಮ್ಮೆನ್ನುತ್ತವೆಯೇ ಎಂದು ಕೇಳುತ್ತಿದ್ದರು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದರೆ ಹಾಗಾಗುತ್ತದಂತೆ. ನನಗೆ ಆಗಲಿಲ್ಲ. ನಿನ್ನೆ ಮತ್ತೆ ತೋರಿಸಲು ಹೋದಾಗ ಡಾಕ್ಟರು ರಕ್ತಪರೀಕ್ಷೆ ನೋಡಿ, ಉಳಿದ ರೆಕ್ಕೆಯೇ ಎರಡರ ಕೆಲಸ ಮಾಡುತ್ತಿದೆ, ಸದ್ಯಕ್ಕೆ ಮಾತ್ರೆ ಬೇಡ ಎಂದರು. ಗಾಯ ಸೀರೆಯ ಮಡಿಕೆ ಗೆರೆಯಷ್ಟೇ ಕಾಣುತ್ತದೆ. ನಿಮ್ಮ ಹೊಲಿಗೆಯಷ್ಟು ನೀಟಾಗಿಲ್ಲ, ಬಿಡಿ.

ಈ ವಾರದಿಂದ ಅರ್ಧ ದಿನ ಕೆಲಸ. ಮೊದಲ ಬಸ್ಸು ಕೂಗಿದಾಗ ಡ್ರೈವರೊಬ್ಬರು ಕಿಟಕಿಯಲ್ಲಿ ಇಣುಕಿ, “ಅಕ್ಕಾ, ನೀವಿಲ್ದೆ ನಮ್ಮ ಬಸ್ಸೇ ನಮಗೆ ಸಿಗ್ತಿರ್ಲಿಲ್ಲ!” ಅಂದರು. ನಗುನಗುತ್ತಲೇ ಅತ್ತುಬಿಟ್ಟೆ.

ನುಂಗುವ ತುತ್ತುತುತ್ತಿಗೂ ನಿಮ್ಮನ್ನು ನೆನೆಯುವ,
ನಿಮ್ಮ ನಾದಿನಿ

ಮರೆಮಾಚಿದ ಮಾತೊಂದಿದೆ: ಆಪರೇಷನ್ ಆದ ಮೇಲೆ ನನ್ನ ದನಿ ಹೋಗಿಯೇಬಿಟ್ಟಿತ್ತು. ಒಂದು ತಿಂಗಳು ಬರೀ ಪಿಸುಮಾತು. ನರ ಬಳಲಿದೆ, ಕಾಯಿರಿ ಎಂದಿದ್ದರು. ಒಪ್ಪಿಸಿದವಳು ನಾನೇ ಎಂದು ನೀವು ನೊಂದುಕೊಳ್ಳುತ್ತೀರೆಂದು ಹೇಳಲಿಲ್ಲ. ಅಷ್ಟು ದಿನ ಫೋನಿನಲ್ಲಿ ನಾನಾಗಿ ಮಾತಾಡಿದ್ದು ತಂಗಿ. “ನಿನ್ನ ದನಿ ಮೊದಲಿಗಿಂತ ಇಂಪಾಗಿದೆ ಕಣೇ,” ಅಂದಿರಲ್ಲ, ಅಂದಿನಿಂದ ಅವಳನ್ನು ಹಿಡಿಯುವವರೇ ಇಲ್ಲ.